ಜಲಾಂತರ್ಗಾಮಿ ಮತ್ತು ಸ್ವಯಂನಿಯಂತ್ರಿತ ಜಲವಾಹನ: ಹೊನ್ನಾವರದ ಕಡಲಿನ ಹಿನ್ನೆಲೆಯಲ್ಲಿ ಒಂದು ತೌಲನಿಕ ವಿವೇಚನೆ

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನಲ್ಲಿ, ಶರಾವತಿಯ ಅಳಿವೆಗೆ ದಕ್ಷಿಣದಲ್ಲಿ, ಕಾಸರಕೋಡಿನ ಬಳಿ ಅಪ್ಸರಕೊಂಡವೆಂಬ ಗುಡ್ಡವಿದೆ. ಅಲ್ಲಿನ ಜಲಪಾತ, ಕೊಳ ಮತ್ತು ಗುಹೆಗಳು ಪ್ರವಾಸಿಗರಿಗೆ ಪರಿಚಿತವಾದವು. ಇತಿಹಾಸದ ವಿದ್ಯಾರ್ಥಿಗೆ ಅವುಗಳಿಗಿಂತ ಮುಖ್ಯವಾದುದು ಗುಡ್ಡದ ನೆತ್ತಿಯಿಂದ ಕಾಣುವ ಕಡಲು. ಅರಬರ ಹಡಗುಗಳು, ವಿಜಯನಗರಕ್ಕೆ ಕುದುರೆಗಳನ್ನು ತಂದ ನೌಕೆಗಳು, ಪೋರ್ತುಗೀಸರ ಯುದ್ಧನೌಕೆಗಳು, ಕೆಳದಿಯ ಅರಸರ ದೋಣಿಗಳು ಇವೆಲ್ಲ ಸಾಗಿದ್ದು ಈ ನೀರಿನ ಮೇಲೆ. ಆದರೆ ನಮ್ಮ ಕರಾವಳಿಯ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ನೀರಿನ ಮೇಲ್ಮೈಯನ್ನೇ ನೋಡಿದ್ದಾರೆ. ನೀರಿನ ಒಳಗೆ ನಡೆದ ಮತ್ತು ನಡೆಯುತ್ತಿರುವ ಮಾನವ ಪ್ರಯತ್ನಗಳೂ ಇತಿಹಾಸಕ್ಕೆ ಸೇರಿದವುಗಳೇ ಆಗಿವೆ.

ಈ ಪ್ರಯತ್ನಗಳಲ್ಲಿ ಎರಡು ಪ್ರಧಾನವಾದವು. ಮನುಷ್ಯರನ್ನು ಒಳಗೊಂಡು ಮುಳುಗಿ ಸಂಚರಿಸುವ ಜಲಾಂತರ್ಗಾಮಿ ಮೊದಲನೆಯದು. ಮನುಷ್ಯನೂ ಇಲ್ಲದೆ, ಮೇಲಿನಿಂದ ಹಗ್ಗದ ಅಥವಾ ತಂತಿಯ ಬಂಧನವೂ ಇಲ್ಲದೆ, ಮುಂಚಿತವಾಗಿ ಕೊಟ್ಟ ಆದೇಶದಂತೆ ತಾನೇ ದಾರಿ ಹಿಡಿದು ಹೋಗಿ ಬರುವ ಸ್ವಯಂನಿಯಂತ್ರಿತ ಜಲವಾಹನ ಎರಡನೆಯದು. ಎರಡನೆಯದು ಮೊದಲನೆಯದರ ಚಿಕ್ಕ ರೂಪ, ಅದರಿಂದಲೇ ಹುಟ್ಟಿ ಬಂದದ್ದು, ಎಂಬುದು ಸಾಮಾನ್ಯವಾದ ತಿಳುವಳಿಕೆ. ಈ ತಿಳುವಳಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅವುಗಳ ವಂಶವೂ ಬೇರೆ, ಉದ್ದೇಶವೂ ಬೇರೆ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಆಧಾರಗಳನ್ನು ಮುಂದೆ ನಿರೂಪಿಸುತ್ತೇವೆ.

1. ಮರೆಯ ಯುದ್ಧ

ಜಲಾಂತರ್ಗಾಮಿಯ ಮೂಲತತ್ತ್ವ ಮರೆ. ಶತ್ರುವಿಗೆ ಕಾಣದಂತೆ ಬಳಿಸಾರುವುದಕ್ಕಾಗಿಯೇ ಅದು ಮುಳುಗುತ್ತದೆ. ಈ ತತ್ತ್ವ ಯಂತ್ರಯುಗಕ್ಕಿಂತ ಹಳೆಯದು, ಮತ್ತು ಅದರ ಒಂದು ದೃಷ್ಟಾಂತ ಹೊನ್ನಾವರದ ಇತಿಹಾಸದಲ್ಲಿಯೇ ಉಂಟು. 1498ರಲ್ಲಿ ವಾಸ್ಕೋ ಡ ಗಾಮ ಸ್ವದೇಶಕ್ಕೆ ಹಿಂದಿರುಗುವಾಗ ಕಾರವಾರದ ಎದುರಿನ ಅಂಜದೀವ ದ್ವೀಪದ ಬಳಿ ತಂಗಿದ್ದನು. ಆಗ ಹೊನ್ನಾವರದ ನೌಕಾನಾಯಕನಾದ ತಿಮ್ಮೋಜನು ಎಂಟು ಚಿಕ್ಕ ನೌಕೆಗಳನ್ನು ಒಂದಕ್ಕೊಂದು ಬಿಗಿದು, ಮರದ ಕೊಂಬೆಗಳಿಂದ ಮುಚ್ಚಿ, ತೇಲುವ ದ್ವೀಪದಂತೆ ತೋರುವ ಹಾಗೆ ಮಾಡಿ ಅವನ ಹಡಗುಗಳತ್ತ ಬಂದನೆಂದು ಪೋರ್ತುಗೀಸ್ ಇತಿಹಾಸಕಾರರು ಹೇಳುತ್ತಾರೆ. ಗಾಮನು ಶಂಕೆಗೊಂಡು ಫಿರಂಗಿ ಹಾರಿಸಲು ಆ ದ್ವೀಪ ಚದುರಿಹೋಯಿತು. ಇದೇ ತಿಮ್ಮೋಜನು 1510ರಲ್ಲಿ ಗೋವೆಯನ್ನು ಹಿಡಿಯುವುದರಲ್ಲಿ ಆಲ್ಬುಕರ್ಕನಿಗೆ ನೆರವಾದುದು ಸುವಿದಿತ. ಫಿರಂಗಿಯ ಬಲವಿಲ್ಲದವನು ಬಲವುಳ್ಳವನನ್ನು ಎದುರಿಸಬೇಕಾದಾಗ ಮರೆಯನ್ನು ಆಶ್ರಯಿಸುತ್ತಾನೆ ಎಂಬ ಸಾಮಾನ್ಯ ನಿಯಮವನ್ನು ಈ ಪ್ರಸಂಗದಲ್ಲಿ ಕಾಣಬಹುದು.

ಜಲಾಂತರ್ಗಾಮಿಯ ಆರಂಭದ ಚರಿತ್ರೆಯಲ್ಲಿಯೂ ಇದೇ ನಿಯಮ ಕೆಲಸ ಮಾಡಿದೆ. 1776ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಸಾಹತುಗಳವರು ನ್ಯೂಯಾರ್ಕ್ ಬಂದರಿನಲ್ಲಿದ್ದ ಬ್ರಿಟಿಷ್ ನೌಕೆ 'ಈಗಲ್' ಮೇಲೆ ಡೇವಿಡ್ ಬುಶ್ನೆಲ್ ನಿರ್ಮಿಸಿದ 'ಟರ್ಟಲ್' ಎಂಬ ಒಬ್ಬಾಳಿನ ಮುಳುಗುನಾವೆಯನ್ನು ಪ್ರಯೋಗಿಸಿದರು. ಯತ್ನ ಫಲಿಸಲಿಲ್ಲ. 1864ರ ಫೆಬ್ರವರಿ 17ರಂದು, ಅಮೆರಿಕದ ಅಂತರ್ಯುದ್ಧದಲ್ಲಿ, ಎಂಟು ಮಂದಿಯನ್ನು ಹೊತ್ತು ಕೈಯಿಂದ ತಿರುಗಿಸಿ ನಡೆಸುತ್ತಿದ್ದ 'ಹನ್ಲಿ' ಎಂಬ ನಾವೆ 'ಹೌಸಟಾನಿಕ್' ಎಂಬ ಹಡಗನ್ನು ಮುಳುಗಿಸಿತು. ಯುದ್ಧದಲ್ಲಿ ಜಲಾಂತರ್ಗಾಮಿಯೊಂದು ಹಡಗನ್ನು ಮುಳುಗಿಸಿದ್ದು ಇದೇ ಮೊದಲು. ಆದರೆ ಹನ್ಲಿಯೂ ಅದರೊಳಗಿದ್ದವರೂ ಹಿಂದಿರುಗಲಿಲ್ಲ. ಅದಕ್ಕೆ ಹಿಂದೆ ಪರೀಕ್ಷೆಯ ಕಾಲದಲ್ಲಿ ಎರಡು ಬಾರಿ ಮುಳುಗಿ ಅದು 13 ಮಂದಿಯನ್ನು ಬಲಿ ತೆಗೆದುಕೊಂಡಿತ್ತು. ಶತ್ರುವಿಗೆ ಎಷ್ಟು ಅಪಾಯಕಾರಿಯೋ ತನ್ನವರಿಗೂ ಅಷ್ಟೇ ಅಪಾಯಕಾರಿಯಾದ ಆಯುಧವಿದು. ಜಲಾಂತರ್ಗಾಮಿಯ ಚರಿತ್ರೆಯುದ್ದಕ್ಕೂ ಈ ಲಕ್ಷಣ ಬಿಟ್ಟುಹೋಗಿಲ್ಲ. 1900ರಲ್ಲಿ ಅಮೆರಿಕದ ನೌಕಾಪಡೆ ಜಾನ್ ಹಾಲೆಂಡನ ನಾವೆಯನ್ನು ಕೊಂಡ ಮೇಲೆ, ನೀರಿನ ಮೇಲೆ ಎಂಜಿನಿನಿಂದಲೂ ನೀರಿನೊಳಗೆ ವಿದ್ಯುತ್ಕೋಶಗಳಿಂದಲೂ ನಡೆಯುವ ಕ್ರಮ ಸ್ಥಿರಪಟ್ಟಿತು.

2. ಹಿಂದೂಮಹಾಸಾಗರದಲ್ಲಿ ಜಲಾಂತರ್ಗಾಮಿ

ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಮತ್ತು ಜಪಾನಿಯರ ಜಲಾಂತರ್ಗಾಮಿಗಳು ಅರಬ್ಬೀ ಸಮುದ್ರಕ್ಕೂ ಬಂದವು. ಜಪಾನಿನ ಐ-29 ಎಂಬ ಒಂದೇ ನೌಕೆಯ ಚರಿತ್ರೆಯನ್ನು ತೆಗೆದುಕೊಂಡರೆ ಸಾಕು, ಈ ಯಂತ್ರಕ್ಕೂ ನಮ್ಮ ಜನಕ್ಕೂ ಇದ್ದ ಸಂಬಂಧದ ವೈಚಿತ್ರ್ಯ ತಿಳಿಯುತ್ತದೆ. 1942ರ ನವೆಂಬರ್ 23ರಂದು ಅದು ಮುಂಬಯಿಯಿಂದ ಆಫ್ರಿಕಕ್ಕೆ ಹೊರಟಿದ್ದ 'ತಿಲಾವ' ಎಂಬ ಪ್ರಯಾಣಿಕರ ಹಡಗನ್ನು ಟಾರ್ಪೀಡೊಗಳಿಂದ ಹೊಡೆದು ಮುಳುಗಿಸಿತು. ಮಡಿದ 280 ಜನರಲ್ಲಿ ಹೆಚ್ಚಿನವರು ಭಾರತೀಯರು. ಐದು ತಿಂಗಳ ಬಳಿಕ, 1943ರ ಏಪ್ರಿಲ್ 28ರಂದು, ಮಡಗಾಸ್ಕರದ ಸಮೀಪ, ಜರ್ಮನಿಯ ಯು-180ರಲ್ಲಿ ಬಂದ ಸುಭಾಷಚಂದ್ರ ಬೋಸರನ್ನೂ ಅವರ ಸಹಚರ ಆಬಿದ್ ಹಸನರನ್ನೂ ಹತ್ತಿಸಿಕೊಂಡು ಪೂರ್ವಕ್ಕೆ ಕರೆದೊಯ್ದದ್ದು ಇದೇ ಐ-29. 1944ರ ಜುಲೈಯಲ್ಲಿ ಅದೂ ಅಮೆರಿಕದ ಜಲಾಂತರ್ಗಾಮಿಯೊಂದರ ಟಾರ್ಪೀಡೊಗಳಿಗೆ ಸಿಕ್ಕಿ ಮುಳುಗಿತು. ಯಂತ್ರಕ್ಕೆ ಪಕ್ಷಪಾತವಿಲ್ಲ, ಅದನ್ನು ಪ್ರಯೋಗಿಸುವವರ ನಿರ್ಧಾರವೇ ಅದರ ಚರಿತ್ರೆ.

ಸ್ವತಂತ್ರ ಭಾರತದ ಮೊದಲನೆಯ ಜಲಾಂತರ್ಗಾಮಿ 'ಕಲ್ವರಿ' 1967ರ ಡಿಸೆಂಬರ್ 8ರಂದು ಸೋವಿಯತ್ ಒಕ್ಕೂಟದ ರೀಗಾ ಬಂದರಿನಲ್ಲಿ ನೌಕಾಪಡೆಗೆ ಸೇರಿತು. ಇದೇ ವರ್ಗದ 'ಕುರ್ಸುರ'ವನ್ನು ಈಗ ವಿಶಾಖಪಟ್ಟಣದ ತೀರದಲ್ಲಿ ವಸ್ತುಸಂಗ್ರಹಾಲಯವಾಗಿ ಉಳಿಸಲಾಗಿದೆ. 1971ರ ಯುದ್ಧದಲ್ಲಿ ಪಾಕಿಸ್ತಾನದ 'ಘಾಜಿ' ವಿಶಾಖಪಟ್ಟಣದ ಎದುರು ತನ್ನ ಸಿಬ್ಬಂದಿಯೊಡನೆ ನಾಶವಾಯಿತು. ಡಿಸೆಂಬರ್ 9ರ ರಾತ್ರಿ ದೀವಿನ ಎದುರು 'ಹಂಗೋರ್' ಎಂಬ ಪಾಕಿಸ್ತಾನಿ ಜಲಾಂತರ್ಗಾಮಿ ನಮ್ಮ 'ಖುಕ್ರಿ'ಯನ್ನು ಮುಳುಗಿಸಿತು. 18 ಅಧಿಕಾರಿಗಳೂ 176 ನಾವಿಕರೂ ಪ್ರಾಣ ತೆತ್ತರು.

ನಮ್ಮ ಕರಾವಳಿಯ ಮಟ್ಟಿಗೆ ಹೇಳುವುದಾದರೆ, 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆಯ ಫಲವಾಗಿ 2005ರ ಮೇ 31ರಂದು ಕಾರವಾರದಲ್ಲಿ 'ಕದಂಬ' ನೌಕಾನೆಲೆ ಆರಂಭವಾಯಿತು. ಅದಕ್ಕಾಗಿ ಕಾರವಾರ ಮತ್ತು ಅಂಕೋಲೆಯ ಎಷ್ಟೋ ಹಳ್ಳಿಗಳವರು ಮನೆಮಾರುಗಳನ್ನು ಬಿಡಬೇಕಾಯಿತೆಂಬುದನ್ನು ಇತಿಹಾಸ ಮರೆಯಬಾರದು. ಅಂಜದೀವ ದ್ವೀಪ ಈಗ ಅಲೆತಡೆಯ ಕಟ್ಟೆಯಿಂದ ಭೂಮಿಗೆ ಸೇರಿ ಈ ನೆಲೆಯ ರಕ್ಷಣೆಗೆ ಒದಗಿದೆ. 2022ರ ಮೇ ತಿಂಗಳಿನಲ್ಲಿ ರಕ್ಷಣಾ ಸಚಿವರು ಈ ನೆಲೆಯಿಂದಲೇ 'ಖಂಡೇರಿ' ಎಂಬ ಜಲಾಂತರ್ಗಾಮಿಯಲ್ಲಿ ಕುಳಿತು ಸಮುದ್ರದೊಳಗೆ ಹೋಗಿ ಬಂದರು. ತಿಮ್ಮೋಜನು ಕೊಂಬೆಗಳ ಮರೆಯಲ್ಲಿ ಬಂದ ನೀರಿನ ಪಕ್ಕದಲ್ಲಿಯೇ ಇಂದು ಮರೆಯ ಯುದ್ಧದ ಪರಿಪೂರ್ಣ ಸಾಧನಗಳು ಬಂದು ನಿಲ್ಲುತ್ತವೆ.

3. ಇನ್ನೊಂದು ವಂಶ

ಈಗ ಸ್ವಯಂನಿಯಂತ್ರಿತ ವಾಹನದ ವಂಶವನ್ನು ನೋಡೋಣ. ಅದಕ್ಕೆ ಇಬ್ಬರು ಪೂರ್ವಿಕರೆಂದು ನಾವು ಭಾವಿಸುತ್ತೇವೆ: ಒಂದು ಟಾರ್ಪೀಡೊ, ಇನ್ನೊಂದು ಆಳವನ್ನು ಅಳೆಯುವ ಸೀಸದ ಗುಂಡು.

1866ರಲ್ಲಿ ರಾಬರ್ಟ್ ವೈಟ್‌ಹೆಡ್ ಎಂಬ ಆಂಗ್ಲ ಎಂಜಿನಿಯರು ಆಸ್ಟ್ರಿಯಾ ಸಾಮ್ರಾಜ್ಯದ ಫ್ಯೂಮೆ ಪಟ್ಟಣದಲ್ಲಿ ತಾನೇ ಚಲಿಸುವ ಟಾರ್ಪೀಡೊವನ್ನು ನಿರ್ಮಿಸಿದನು. ಅದರ ಮುಖ್ಯ ರಹಸ್ಯ ಸ್ಫೋಟಕದಲ್ಲಿರಲಿಲ್ಲ. ನೀರಿನ ಒತ್ತಡವನ್ನು ಅರಿಯುವ ಒಂದು ತಟ್ಟೆ ಮತ್ತು ಒಂದು ಲೋಲಕ ಇವೆರಡರ ಸಂಯೋಗದಿಂದ ಅದು ನಿಗದಿಯಾದ ಆಳವನ್ನು ತಾನೇ ಕಾಯ್ದುಕೊಳ್ಳುತ್ತಿತ್ತು. 1890ರ ದಶಕದಲ್ಲಿ ಗೈರೋಸ್ಕೋಪನ್ನು ಸೇರಿಸಿದ ಮೇಲೆ ದಿಕ್ಕನ್ನೂ ಕಾಯ್ದುಕೊಳ್ಳತೊಡಗಿತು. ಒಳಗೆ ಮನುಷ್ಯನಿಲ್ಲದೆ, ತನ್ನ ಸ್ಥಿತಿಯನ್ನು ತಾನೇ ಅಳೆದು ತಿದ್ದಿಕೊಳ್ಳುವ ಜಲವಾಹನ ಹೀಗೆ ಹುಟ್ಟಿತು. ಅದಕ್ಕೆ ಇಲ್ಲದಿದ್ದುದು ಹಿಂದಿರುಗುವ ಶಕ್ತಿ ಒಂದೇ.

ಸೀಸದ ಗುಂಡಿನ ಪರಂಪರೆ ಇನ್ನೂ ಪ್ರಾಚೀನ. ನಾವಿಕನು ಹಗ್ಗಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟು ಆಳವನ್ನು ಅರಿಯುತ್ತಿದ್ದನು. ಗುಂಡಿನ ತಳಕ್ಕೆ ಮೆತ್ತಿದ ಕೊಬ್ಬಿಗೆ ಅಂಟಿದ ಮರಳು, ಕೆಸರು ಅಥವಾ ಚಿಪ್ಪಿನಿಂದ ತಳದ ಗುಣವನ್ನೂ ತಿಳಿಯುತ್ತಿದ್ದನು. 1872ರಿಂದ 1876ರವರೆಗೆ 'ಚಾಲೆಂಜರ್' ನೌಕೆ ಲೋಕದ ಸಾಗರಗಳನ್ನು ಅಳೆದದ್ದೂ ಹಗ್ಗದಿಂದಲೇ. ಇಪ್ಪತ್ತನೆಯ ಶತಮಾನದಲ್ಲಿ ಹಗ್ಗದ ಸ್ಥಾನಕ್ಕೆ ಶಬ್ದದ ಪ್ರತಿಧ್ವನಿ ಬಂದಿತು.

ಈ ಎರಡು ಪರಂಪರೆಗಳು ಕೂಡಿದ್ದು 1957ರಲ್ಲಿ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಅನ್ವಿತ ಭೌತಶಾಸ್ತ್ರ ಪ್ರಯೋಗಾಲಯದವರು ಆಗ 'ಸ್ಪರ್ವ್' ಎಂಬ ಟಾರ್ಪೀಡೊ ಆಕಾರದ ವಾಹನವನ್ನು ಸಿದ್ಧಪಡಿಸತೊಡಗಿದರು. ಅದು ಹೊತ್ತದ್ದು ಸಿಡಿತಲೆಯನ್ನಲ್ಲ, ಮಾಪಕಗಳನ್ನು. ಭಾರತದಲ್ಲಿಯೂ ಇದೇ ಸಂಬಂಧ ಕಾಣುತ್ತದೆ. ಟಾರ್ಪೀಡೊಗಳನ್ನು ರೂಪಿಸುವ ವಿಶಾಖಪಟ್ಟಣದ ನೌಕಾವಿಜ್ಞಾನ ಪ್ರಯೋಗಾಲಯವೇ ಇಂಥ ವಾಹನಗಳನ್ನೂ ರೂಪಿಸಿದೆ. ಕಾರವಾರಕ್ಕೆ ಸಮೀಪದಲ್ಲಿ, ಗೋವೆಯ ದೋನಾ ಪೌಲದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಈ ಶತಮಾನದ ಮೊದಲ ದಶಕದಲ್ಲಿ 'ಮಾಯಾ' ಎಂಬ ವಾಹನವನ್ನು ನಿರ್ಮಿಸಿದರು. ಅದರ ಉದ್ದ 2 ಮೀಟರಿಗೂ ಕಡಿಮೆ, ತೂಕ ಸುಮಾರು 55 ಕಿಲೋಗ್ರಾಂ; 200 ಮೀಟರು ಆಳದವರೆಗೆ ಇಳಿಯಬಲ್ಲದು. ನೀರಿನ ಉಷ್ಣತೆ, ಲವಣಾಂಶ, ಕರಗಿದ ಆಮ್ಲಜನಕ, ಹರಿತ್ತಿನ ಪ್ರಮಾಣ ಇತ್ಯಾದಿಗಳನ್ನು ಅಳೆಯುವುದು ಅದರ ಕೆಲಸ. 91 ಮೀಟರು ಉದ್ದವಾಗಿ, ಸುಮಾರು 75 ಮಂದಿಯನ್ನು ಹೊತ್ತು, 22 ಟಾರ್ಪೀಡೊಗಳೊಡನೆ ಸಂಚರಿಸುತ್ತಿದ್ದ ಕುರ್ಸುರದ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಇವೆರಡು ಒಂದೇ ಜಾತಿಯವೆಂದು ಹೇಳಲು ಮನಸ್ಸು ಒಪ್ಪದು.

4. ಗುಣಗಳ ಹೋಲಿಕೆ

ಆದರೂ ನೀರಿನ ನಿಯಮಗಳು ಎರಡಕ್ಕೂ ಒಂದೇ. ಆ ನಿಯಮಗಳಿಗೆ ಇವು ಕೊಡುವ ಉತ್ತರಗಳು ಹೇಗೆ ಬೇರೆಯಾಗುತ್ತವೆ ಎಂಬುದನ್ನು ನಾಲ್ಕು ಅಂಶಗಳಲ್ಲಿ ನೋಡಬಹುದು.

ಮೊದಲನೆಯದು ಗಾಳಿ. ಟರ್ಟಲ್‌ನಲ್ಲಿದ್ದ ಗಾಳಿ ಅರ್ಧ ಗಂಟೆಗೆ ಮಾತ್ರ ಸಾಕಾಗುತ್ತಿತ್ತು. ಡೀಸೆಲ್ ಜಲಾಂತರ್ಗಾಮಿಗಳೂ ವಿದ್ಯುತ್ಕೋಶಗಳನ್ನು ತುಂಬಿಕೊಳ್ಳುವುದಕ್ಕೆ ಎಂಜಿನಿಗೆ ಗಾಳಿ ಬೇಕಾಗಿ ಆಗಾಗ ಮೇಲಕ್ಕೆ ಬರಬೇಕಿತ್ತು, ಮತ್ತು ಬಂದಾಗಲೇ ಶತ್ರುವಿಗೆ ಸಿಕ್ಕಿಬೀಳುತ್ತಿದ್ದವು. 1954ರಲ್ಲಿ ಅಮೆರಿಕದ 'ನಾಟಿಲಸ್' ಪರಮಾಣುಶಕ್ತಿಯಿಂದ ಈ ಬಂಧನವನ್ನು ಕಳಚಿಕೊಂಡು, 1958ರಲ್ಲಿ ಉತ್ತರ ಧ್ರುವದ ಹಿಮದ ಕೆಳಗೆ ಸಾಗಿತು. ಸ್ವಯಂನಿಯಂತ್ರಿತ ವಾಹನಕ್ಕೆ ಉಸಿರಿನ ಚಿಂತೆಯೇ ಇಲ್ಲ. ಅದರ ಆಯುಷ್ಯವನ್ನು ನಿರ್ಧರಿಸುವುದು ವಿದ್ಯುತ್ಕೋಶ. ತನ್ನ ತೇಲುವಿಕೆಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತ ಜಾರಿ ಸಾಗುವ ಒಂದು ಬಗೆಯ ವಾಹನ 2009ರಲ್ಲಿ ಅಮೆರಿಕದಿಂದ ಸ್ಪೇಯ್ನಿನವರೆಗೆ ಅಟ್ಲಾಂಟಿಕ್ ಸಾಗರವನ್ನು 221 ದಿನಗಳಲ್ಲಿ ದಾಟಿತು.

ಎರಡನೆಯದು ಒತ್ತಡ. ಪ್ರತಿ 10 ಮೀಟರು ಇಳಿದಂತೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮನುಷ್ಯರಿಗೆ ಉಸಿರಾಡಲು ದೊಡ್ಡ ಟೊಳ್ಳು ಜಾಗ ಬೇಕು. ಟೊಳ್ಳು ದೊಡ್ಡದಾದಷ್ಟೂ ಅದನ್ನು ಒತ್ತಡದಿಂದ ಕಾಯುವುದು ಕಷ್ಟ. ಆದ್ದರಿಂದಲೇ ಯುದ್ಧದ ಜಲಾಂತರ್ಗಾಮಿಗಳು ಸಾಮಾನ್ಯವಾಗಿ ಕೆಲವು ನೂರು ಮೀಟರುಗಳಿಗೆ ನಿಲ್ಲುತ್ತವೆ. ಮನುಷ್ಯನನ್ನು ಬಿಟ್ಟರೆ ಕಾಯಬೇಕಾದ ಟೊಳ್ಳು ಚಿಕ್ಕದಾಗುತ್ತದೆ; ಹೀಗಾಗಿ ಕೆಲವು ಸ್ವಯಂವಾಹನಗಳು 6,000 ಮೀಟರುಗಳವರೆಗೂ ಇಳಿಯುತ್ತವೆ.

ಮೂರನೆಯದು ದಿಕ್ಕು. ನೀರಿನೊಳಗೆ ನಕ್ಷತ್ರಗಳು ಕಾಣವು, ಉಪಗ್ರಹದ ಸಂಕೇತಗಳೂ ತಲಪವು. ಜಲಾಂತರ್ಗಾಮಿಯ ನಾವಿಕನು ಹೊರಟ ಸ್ಥಳ, ವೇಗ, ದಿಕ್ಕು ಮತ್ತು ಕಾಲವನ್ನು ಲೆಕ್ಕಹಾಕಿ ತನ್ನ ಸ್ಥಾನವನ್ನು ಊಹಿಸುತ್ತಿದ್ದನು. ಸ್ವಯಂವಾಹನವೂ ಮೂಲತಃ ಇದೇ ಲೆಕ್ಕವನ್ನು ಮಾಡುತ್ತದೆ; ಲೆಕ್ಕದ ಸೂಕ್ಷ್ಮತೆ ಹೆಚ್ಚಿದೆಯಷ್ಟೆ. ಕಾಲ ಕಳೆದಂತೆ ತಪ್ಪು ಬೆಳೆಯುವುದು ಇಬ್ಬರಿಗೂ ಸಮಾನ.

ನಾಲ್ಕನೆಯದು ಮಾತು. ರೇಡಿಯೋ ತರಂಗಗಳು ಉಪ್ಪುನೀರಿನಲ್ಲಿ ಬೇಗ ಅಡಗುತ್ತವೆ. ಸೆಕೆಂಡಿಗೆ ಸುಮಾರು 1,500 ಮೀಟರು ಸಾಗುವ ಶಬ್ದವೊಂದೇ ದೂರ ಹೋಗಬಲ್ಲದು, ಆದರೆ ಅದು ಹೊರಬಲ್ಲ ಸಂದೇಶ ಅತ್ಯಲ್ಪ. ಜಲಾಂತರ್ಗಾಮಿ ಮಾತನಾಡಿದರೆ ಮರೆ ಕಳೆದುಹೋಗುತ್ತದೆಂದು ಮೌನವಾಗಿರುತ್ತದೆ; ಸ್ವಯಂವಾಹನ ಮಾತನಾಡಲು ಮಾರ್ಗ ಸಾಲದೆ ಮೌನವಾಗಿರುತ್ತದೆ. ಎರಡಕ್ಕೂ ತಾವೇ ನಿರ್ಧರಿಸಬೇಕಾದ ಅನಿವಾರ್ಯತೆ ಬರುವುದು ಇಲ್ಲಿಂದಲೇ. ಒಂದರಲ್ಲಿ ನಿರ್ಧರಿಸುವವನು ನಾಯಕ. ಇನ್ನೊಂದರಲ್ಲಿ ನಿರ್ಧಾರ ದಡದ ಮೇಲೆ, ವಾಹನ ನೀರಿಗಿಳಿಯುವ ಮೊದಲೇ, ಆದೇಶಗಳ ರೂಪದಲ್ಲಿ ಆಗಿಹೋಗಿರುತ್ತದೆ.

5. ಹುಡುಕುವ ಯಂತ್ರ

ಹೀಗೆ ಒಂದು ಅಡಗುವುದಕ್ಕೆ ಹುಟ್ಟಿದ ಯಂತ್ರ, ಇನ್ನೊಂದು ಅಡಗಿದುದನ್ನು ಕಾಣುವುದಕ್ಕೆ ಬೆಳೆದ ಯಂತ್ರ. 2016ರ ಜುಲೈ 22ರಂದು 29 ಮಂದಿಯೊಡನೆ ಬಂಗಾಳ ಕೊಲ್ಲಿಯ ಮೇಲೆ ಕಣ್ಮರೆಯಾದ ವಾಯುಪಡೆಯ ಎಎನ್-32 ವಿಮಾನದ ಸುಳಿವು ಏಳು ವರ್ಷಗಳಿಗೂ ಹೆಚ್ಚು ಕಾಲ ಸಿಕ್ಕಿರಲಿಲ್ಲ. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸ್ವಯಂನಿಯಂತ್ರಿತ ವಾಹನ 3,400 ಮೀಟರು ಆಳದಲ್ಲಿ ಅದರ ಅವಶೇಷಗಳ ಚಿತ್ರಗಳನ್ನು ತೆಗೆಯಿತು. 2024ರ ಜನವರಿಯಲ್ಲಿ ಈ ವಿಷಯ ಪ್ರಕಟವಾಯಿತು. ಸತ್ತವರು ಬದುಕಿ ಬರಲಿಲ್ಲ. ಆದರೆ ಮನೆಯವರಿಗೆ ಅನಿಶ್ಚಯವೊಂದು ಕೊನೆಗೊಂಡಿತು.

ಈ ಅನಿಶ್ಚಯ ಏನೆಂಬುದು ಭಟ್ಕಳ, ಹೊನ್ನಾವರ, ಕುಮಟೆಗಳ ಕಡಲತೀರಕ್ಕೆ ಹೊಸದಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಆಳಸಮುದ್ರದ ಮೀನುಗಾರಿಕೆಗೆ ಹೊರಟ 'ಸುವರ್ಣ ತ್ರಿಭುಜ' ಎಂಬ ದೋಣಿಯಲ್ಲಿ ಏಳು ಮಂದಿ ಇದ್ದರು. ಅವರಲ್ಲಿ ಐವರು ಉತ್ತರ ಕನ್ನಡ ಜಿಲ್ಲೆಯವರು. ಡಿಸೆಂಬರ್ 15ರ ರಾತ್ರಿಯ ಬಳಿಕ ಅದರ ಸಂಪರ್ಕ ತಪ್ಪಿಹೋಯಿತು. ನಾಲ್ಕೂವರೆ ತಿಂಗಳು ಊಹಾಪೋಹಗಳ ನಡುವೆ ಕಳೆದವು. 2019ರ ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ 'ನಿರೀಕ್ಷಕ' ಎಂಬ ಮುಳುಗುಗಾರರ ನೌಕೆ ಮಾಲವಣದ ತೀರದಿಂದ ಸುಮಾರು 33 ಕಿಲೋಮೀಟರು ದೂರದಲ್ಲಿ, ಸುಮಾರು 60 ಮೀಟರು ಆಳದಲ್ಲಿ ಆ ದೋಣಿಯ ಅವಶೇಷವನ್ನು ಕಂಡುಹಿಡಿಯಿತು. ಅರವತ್ತು ಮೀಟರು ಎಂದರೆ ಮಾಯಾ ಇಳಿಯಬಲ್ಲ ಆಳದ ಮೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಇಲ್ಲಿ ಆಳವಲ್ಲ, ವಿಸ್ತಾರ ಕಠಿಣವಾಗಿತ್ತು: ಎಲ್ಲಿ ಹುಡುಕಬೇಕೆಂಬುದೇ ತಿಳಿಯದ ಕಡಲಿನಲ್ಲಿ ಹುಡುಕಬೇಕಾಗಿತ್ತು. ಬೇಸರವಿಲ್ಲದೆ, ನೇಗಿಲ ಸಾಲಿನಂತೆ ಸಾಲು ಸಾಲಾಗಿ ತಳವನ್ನು ಶೋಧಿಸಬಲ್ಲ ವಾಹನಗಳ ನಿಜವಾದ ಪ್ರಯೋಜನ ಇಂಥ ಸಂದರ್ಭದಲ್ಲಿಯೇ.

ಅವುಗಳ ಮಿತಿಯನ್ನೂ ಇದೇ ಜಿಲ್ಲೆ ತೋರಿಸಿಕೊಟ್ಟಿದೆ. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರೂ ವಾಹನಗಳೂ ಗಂಗಾವಳಿ ನದಿಯ ಪಾಲಾದವು. ಉಪಕರಣಗಳಿಂದ ಲೋಹದ ಸುಳಿವು ಸಿಕ್ಕಿದರೂ ಮಳೆಗಾಲದ ಪ್ರವಾಹದಲ್ಲಿ ಮುಳುಗುಗಾರರು ಇಳಿಯುವುದು ದುಸ್ಸಾಧ್ಯವಾಯಿತು. ಕೊನೆಗೆ ಗೋವೆಯಿಂದ ಹೂಳೆತ್ತುವ ಹಡಗನ್ನು ತರಿಸಿ, ಸೆಪ್ಟೆಂಬರ್ 25ರಂದು, ಕಾಣೆಯಾಗಿದ್ದ ಲಾರಿಯನ್ನು ಹೊರತೆಗೆಯಲಾಯಿತು. ಮಾಯಾದ ಸಾಮಾನ್ಯ ವೇಗ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರು. ಮುಂಗಾರಿನ ನದಿಯ ಎದುರು ಇಂಥ ವಾಹನ ನಿಲ್ಲಲಾರದು. ಕೆಸರಿನಲ್ಲಿ ಅದರ ಕ್ಯಾಮರಕ್ಕೆ ಏನೂ ಕಾಣದು. ಹೂತುಹೋದುದನ್ನು ಅದು ಎತ್ತಲಾರದು. ಪಶ್ಚಿಮಘಟ್ಟದಿಂದ ಇಳಿದು ಬರುವ ಶರಾವತಿ, ಅಘನಾಶಿನಿ, ಗಂಗಾವಳಿಗಳ ಅಳಿವೆಗಳಿಗೆ ಈ ಮಾತು ಒಂದೇ ರೀತಿ ಅನ್ವಯಿಸುತ್ತದೆ.

6. ಉಪಸಂಹಾರ

ನಮ್ಮ ವಾದಕ್ಕೆ ಒಂದು ಆಕ್ಷೇಪಣೆ ಬರಬಹುದು. ಇಂದು ಸ್ವಯಂನಿಯಂತ್ರಿತ ವಾಹನಗಳು ಯುದ್ಧಕ್ಕೂ ಬಂದಿವೆಯಲ್ಲವೆ? ನಿಜ. 2003ರಲ್ಲಿ ಇರಾಕಿನ ಉಮ್ ಕಸರ್ ಬಂದರಿನ ಸಿಡಿಗುಂಡುಗಳನ್ನು ಹುಡುಕಲು ಅವುಗಳನ್ನು ಬಳಸಿದರು. ಈಚೆಗೆ ಅಮೆರಿಕದ ನೌಕಾಪಡೆಯವರು 'ಓರ್ಕಾ' ಎಂಬ, ಜಲಾಂತರ್ಗಾಮಿಗೆ ಸಮೀಪವಾದ ಗಾತ್ರದ ನಿರ್ಜನ ವಾಹನವನ್ನು ಪಡೆದಿದ್ದಾರೆ. ಇದರಿಂದ ತಿಳಿಯುವುದು ಎರಡು ವಂಶಗಳು ಈಗ ಒಂದಾಗುತ್ತಿವೆ ಎಂಬುದು ಮಾತ್ರ. ಅವು ಮೊದಲಿನಿಂದ ಒಂದೇ ಆಗಿದ್ದುವೆಂಬುದು ಇದರಿಂದ ಸಿದ್ಧವಾಗುವುದಿಲ್ಲ.

ಈ ಸಂಗಮ ಹೊಸ ಪ್ರಶ್ನೆಗಳನ್ನು ಎಬ್ಬಿಸಿದೆ. 2016ರ ಡಿಸೆಂಬರಿನಲ್ಲಿ ದಕ್ಷಿಣ ಚೀನ ಸಮುದ್ರದಲ್ಲಿ ಅಮೆರಿಕದ ನಿರ್ಜನ ಮಾಪಕವಾಹನವೊಂದನ್ನು ಚೀನೀಯರು ಹಿಡಿದು, ಕೆಲವು ದಿನಗಳ ಬಳಿಕ ಹಿಂದಿರುಗಿಸಿದರು. ಅದು ಹಡಗೋ, ಬರಿಯ ಉಪಕರಣವೋ ಎಂಬ ವಾದ ಆಗ ನಡೆಯಿತು. ಜಲಾಂತರ್ಗಾಮಿಯ ವಿಷಯದಲ್ಲಿ ಇಂಥ ಸಂದೇಹಕ್ಕೆ ಎಡೆಯಿರಲಿಲ್ಲ. ಒಳಗೆ ನಾಯಕನಿದ್ದನು, ಅವನು ಉತ್ತರ ಹೇಳಬೇಕಾಗಿತ್ತು. ತಿಲಾವವನ್ನು ಮುಳುಗಿಸಿದ ಆಜ್ಞೆಗೆ ಒಬ್ಬ ಮನುಷ್ಯ ಹೊಣೆಯಾಗಿದ್ದನು. ಒಳಗೆ ಯಾರೂ ಇಲ್ಲದ ಯಂತ್ರ ಅಂಥ ಕೆಲಸವನ್ನು ಮಾಡಿದರೆ ಹೊಣೆ ಯಾರದು? ಹನ್ಲಿಯ ಕಾಲದಿಂದ ಖುಕ್ರಿಯ ಕಾಲದವರೆಗೆ ನೀರಿನೊಳಗಿನ ಯುದ್ಧದಲ್ಲಿ ಪ್ರಾಣವನ್ನು ತೆಗೆಯುವವನು ತನ್ನ ಪ್ರಾಣವನ್ನೂ ಪಣವಾಗಿಡುತ್ತಿದ್ದನು. ಆ ಸಮತೋಲ ತಪ್ಪುವುದಾದರೆ ಅದು ಇತಿಹಾಸದಲ್ಲಿ ದೊಡ್ಡ ಮಾರ್ಪಾಟು.

ಕೊನೆಯದಾಗಿ, ನಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಸೂಚಿಸಲು ಬಯಸುತ್ತೇವೆ. ಕರಾವಳಿಯ ಖಾರ್ವಿ, ಹರಿಕಂತ್ರ, ಮೊಗೇರ ಮೊದಲಾದ ಸಮುದಾಯಗಳ ಹಿರಿಯರಿಗೆ ತಳದ ಬಂಡೆಗಳು, ಕೆಸರಿನ ನೆಲೆಗಳು, ಬಲೆ ಸಿಕ್ಕಿಕೊಳ್ಳುವ ಜಾಗಗಳು ದಡದ ಗುಡ್ಡಗಳ ಗುರುತಿನಿಂದ ತಿಳಿದಿರುತ್ತವೆ. ಈ ಜ್ಞಾನ ಎಲ್ಲಿಯೂ ಬರೆದಿಟ್ಟದ್ದಲ್ಲ. ಉಪಗ್ರಹ ದಿಕ್ಸೂಚಕಗಳು ಬಂದ ಮೇಲೆ ಅದು ವೇಗವಾಗಿ ಮರೆಯಾಗುತ್ತಿದೆ. ಅಪ್ಸರಕೊಂಡದಿಂದ ನೇತ್ರಾಣಿಯವರೆಗಿನ ಕಡಲಿನ ತಳವನ್ನು ಯಂತ್ರಗಳು ಒಂದು ದಿನ ಸಾಲು ಸಾಲಾಗಿ ಅಳೆದು ನಕ್ಷೆ ಮಾಡಬಹುದು. ಆ ನಕ್ಷೆಯ ಮೇಲೆ ಬರೆಯಬೇಕಾದ ಹೆಸರುಗಳನ್ನು ಮಾತ್ರ ಯಂತ್ರ ಕೊಡಲಾರದು. ಅವುಗಳನ್ನು ಬಲ್ಲವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ನಮ್ಮ ಇತಿಹಾಸ ವಿಭಾಗಗಳ ಕರ್ತವ್ಯ.